ಗೂಡಿನಲ್ಲಿದ್ದ ಕರಡಿಗೆ

ನನ್ನ ತಂಗಿ ತನ್ನ ಗಂಡನ ಕುಡಿತದ ವಿಷಯವಾಗಿ ನನ್ನಲ್ಲಿ ಕೇಳಿಕೊಂಡದ್ದು ಒಂದೇ ಒಂದು ಸಹಾಯ. "ಭಾವನ ಕೈಲಿ ಅವರಿಗೆ ಒಂದು ಮಾತು ಹೇಳ್ಸಕ್ಕ" ಅಂದಿದ್ದಳು. ನಾನು ಆ ಮಾತನ್ನು ನಮ್ಮ ಯಜಮಾನರಿಗೆ ಮುಟ್ಟಿಸಲಿಲ್ಲ. ಮುಟ್ಟಿಸಲಿಲ್ಲ ಎಂದು ಅವಳಿಗೆ ಹೇಳಲೂ ಇಲ್ಲ. "ಹೇಳಿದೀನಿ ಕಣೇ, ಅವರೂ ಮಾತಾಡಿದಾರೆ" ಎಂದುಬಿಟ್ಟೆ. ಆ ಸುಳ್ಳನ್ನು ನಂಬಿಕೊಂಡು ಅವಳು ವರ್ಷಗಟ್ಟಲೆ ಸಂಸಾರ ಮಾಡಿದಳು.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುವುದಷ್ಟೇ ನನಗೆ ಬರುವುದು.

ನಮ್ಮ ತಾಯಿ ತಂದೆ ಇಬ್ಬರೂ ನಾವು ಚಿಕ್ಕವರಿರುವಾಗಲೇ ಹೋದರು. ಪೇಟೆಯಲ್ಲಿದ್ದ ಸೋದರತ್ತೆ ನಮ್ಮನ್ನು ಸಾಕಿದಳು. ನನ್ನನ್ನು ಮಲ್ಲೇಶ್ವರದ ಒಂದು ದಿನಸಿ ಅಂಗಡಿಯವರ ಮನೆಗೆ ಕೊಟ್ಟರು. ಅಣ್ಣತಮ್ಮಂದಿರಿಲ್ಲ. ಹಾಗಾಗಿ ನನ್ನ ತಂಗಿಗೆ ತವರು ಅಂದರೆ ನಾನೇ. ಅವಳ ಮದುವೆಯ ಯೋಚನೆಯೂ ನನ್ನದೇ ಆಯಿತು. ಸಂಪಿಗೆ ರಸ್ತೆಯ ಒಂದು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದ ಹುಡುಗನನ್ನು ಹುಡುಕಿದವಳು ನಾನು. ನಮ್ಮ ಯಜಮಾನರ ಕೋಟಿಗೆ ಅಳತೆ ತೆಗೆಯಲು ಮನೆಗೆ ಬಂದಿದ್ದ. ಹಣೆಯಲ್ಲಿ ವಿಭೂತಿ, ಮೈಮೇಲೆ ಒಗೆದು ಇಸ್ತ್ರಿ ಮಾಡಿದ ಅಂಗಿ, ಮೆಲ್ಲಗೆ ಮಾತು. ಕತ್ತರಿ ಹಿಡಿದರೆ ಅವನ ಕೈಯಿಂದ ಬಟ್ಟೆ ನೀರು ಹರಿದ ಹಾಗೆ ಬೇರೆಯಾಗುತ್ತದೆ ಎಂದು ಜನ ಹೇಳುತ್ತಿದ್ದರು. ಅಷ್ಟು ಸಾಕು ಅನ್ನಿಸಿತು ನನಗೆ. ಅವನ ವಿಷಯ ಬೇರೆ ಯಾರನ್ನೂ ವಿಚಾರಿಸಲಿಲ್ಲ.

ಮದುವೆಯಾದ ಮೇಲೆ ನಮ್ಮ ವಠಾರದಲ್ಲೇ, ನಮ್ಮ ಎದುರಿನ ಮನೆ ಖಾಲಿಯಾಯಿತು. ಅವರನ್ನು ಅಲ್ಲಿಗೆ ಕರೆಸಿಕೊಂಡವಳೂ ನಾನೇ. ನಮ್ಮ ಯಜಮಾನರ ತಾಯಿ, ನಮ್ಮ ಅತ್ತೆಗೆ ಅದು ಸರಿಬರಲಿಲ್ಲ.

"ಅಕ್ಕತಂಗೀರು ಎದುರುಬದುರು ಇದ್ರೆ ಒಂದೇ ಒಲೆ ಆಗ್ಬಿಡತ್ತೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಮುಂದೆ ಅಳ್ಕೊಂಡ್ ಬರ್ಬೇಡ" ಎಂದರು.

"ಏನೂ ಆಗಲ್ಲ ಅತ್ತೆ. ಹುಡುಗ ಚಿನ್ನ" ಎಂದೆ.

"ಚಿನ್ನಾನ ಒರೆಗೆ ಹಚ್ಚಿ ನೋಡ್ದೆಯೇನು?" ಎಂದು ಕೇಳಿ ಅವರು ಒಳಗೆ ಹೋದರು.

ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಅಕ್ಕಿಯಲ್ಲಿ ಅರ್ಧ ಕಲ್ಲು. ಮಧ್ಯಾಹ್ನ ನಾವಿಬ್ಬರೂ ನಮ್ಮ ಜಗಲಿಯ ಮೇಲೆ ಕೂತು, ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ, ಅವಳು ಅಂಗಡಿಯಿಂದ ಬಂದ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ಗುಂಡಿ ತೂರುವ ಆ ಸಣ್ಣ ತೂತಿನ ಸುತ್ತ ದಾರ ಬಿಗಿಯುವ ಕೆಲಸ ಹೊಲಿಗೆಯವರ ಮನೆಯ ಹೆಂಗಸರದು. ಅವಳು ಬೇಗ ಕಲಿತಳು. ಆಗ ಬಹಳ ನಗುತ್ತಿದ್ದಳು. ವಠಾರದ ನಲ್ಲಿಯ ಹತ್ತಿರ ನೀರಿಗೆ ನಿಂತವರೆಲ್ಲ, "ಅಕ್ಕತಂಗೀರು ಏನು ಅಷ್ಟೊಂದು ನಗ್ತೀರಿ, ನಮಗೂ ಸ್ವಲ್ಪ ಹೇಳಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಹುಣಿಸೇಹಣ್ಣು ಕೇಳಲು ಅವಳ ಮನೆಗೆ ಹೋದೆ. ಅವಳ ಗಂಡ ಅಂಗಡಿಗೆ ಹೊರಟು ಹೋಗಿಯಾಗಿತ್ತು. ಗೋಡೆಯಲ್ಲಿದ್ದ ದೇವರ ಗೂಡಿನಲ್ಲಿ, ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಅವನ ಬೆಳ್ಳಿ ಕರಡಿಗೆ ಇತ್ತು. ಶಿವದಾರವನ್ನು ಸುತ್ತಿ, ಒಂದು ಹೂವಿಟ್ಟು, ಭಕ್ತಿಯಿಂದಲೇ ಇಟ್ಟಿದ್ದ. ನಮ್ಮವರಲ್ಲಿ ಒಮ್ಮೆ ಲಿಂಗ ಕಟ್ಟಿದ ಮೇಲೆ ಅದು ಸಾಯುವವರೆಗೂ ಮೈಮೇಲಿಂದ ಇಳಿಯಬಾರದು.

"ಏನೇ ಇದು? ಕರಡಿಗೆ ಇಲ್ಲೇ ಬಿಟ್ಟು ಹೋಗಿದಾನೆ?"

ಅವಳು ಹುಣಿಸೇಹಣ್ಣಿನ ಭರಣಿಯ ಮುಚ್ಚಳ ಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದಳು. "ಇವತ್ತು ಕುಡೀತಾರೆ ಅಂತ ಅರ್ಥ ಅಕ್ಕ."

ನನಗೆ ಅರ್ಥವಾಗಲಿಲ್ಲ.

"ಲಿಂಗ ಕಟ್ಕೊಂಡು ಪಡಖಾನೆ ಮೆಟ್ಲು ಹತ್ತಬಾರ್ದಂತೆ. ಅದಕ್ಕೆ ಬೆಳಿಗ್ಗೆನೇ ತೆಗ್ದಿಟ್ಟು ಹೋಗ್ತಾರೆ. ಲಿಂಗಕ್ಕೆ ಅಷ್ಟೊಂದು ಮರ್ಯಾದೆ. ನಂಗೆ ಅದರಲ್ಲಿ ಅರ್ಧ ಇದ್ದಿದ್ರೆ ಸಾಕಿತ್ತು" ಎಂದು ನಕ್ಕಳು. ಆ ನಗು ಮೊದಲಿನದಲ್ಲ.

ಕರಡಿಗೆ ಗೂಡಿನಲ್ಲಿದ್ದ ದಿನ ಅವಳು ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದಳು. ಯಾಕೆಂದರೆ ಬಾಗಿಲು ತೆರೆದರೆ ಅಂಗಳದಲ್ಲಿ ನಿಂತವರಿಗೆ ನೇರವಾಗಿ ಆ ಗೂಡು ಕಾಣುತ್ತಿತ್ತು. ಉಳಿದವರು ಅವಳಿಗೆ ಈಚೆಗೆ ಜಂಬ ಬಂದಿದೆ ಎಂದುಕೊಂಡರು. ನನಗೆ ಮಾತ್ರ ಗೊತ್ತಿತ್ತು. ಬೆಳಿಗ್ಗೆ ಎದ್ದು ನಾನು ಮೊದಲು ನೋಡುತ್ತಿದ್ದುದು ಅವಳ ಬಾಗಿಲನ್ನು. ಮುಚ್ಚಿದ್ದರೆ ಇವತ್ತು ಅವಳ ದಿನ ಹೇಗೆ ಕಳೆಯುತ್ತದೆ ಎಂದು ತಿಳಿಯುತ್ತಿತ್ತು. ಬೆಳಗ್ಗೆಯಿಂದಲೇ ಸಂಜೆಯನ್ನು ಕಾಯುವುದು. ಅಡುಗೆ ಮಾಡಿದರೂ ಉಣ್ಣದಿರುವುದು. ದೀಪ ಹಚ್ಚುವ ಹೊತ್ತಿಗೆ ಹೊಸಲಿನ ಮೇಲೆ ಕೂತು, ಕಣ್ಣು ಕಾಜಾದ ಮೇಲೆ, ಕಿವಿ ವಠಾರದ ಗೇಟಿನ ಮೇಲೆ. ಮೊದಮೊದಲು ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಆಮೇಲೆ, ಅತ್ತೆ ಕೂಗುತ್ತಾರೆ, ಒಲೆಯ ಮೇಲೆ ಅನ್ನ ಇದೆ ಎಂದು ಒಂದೊಂದೇ ನೆಪ ಹುಡುಕಿ ಮನೆಯೊಳಗೇ ಉಳಿಯತೊಡಗಿದೆ.

ಅವನು ಹೊಡೆದು ಬಡಿದು ಮಾಡುವವನಲ್ಲ. ಕುಡಿದು ಬಂದರೆ ಇನ್ನೂ ವಿನಯ ಜಾಸ್ತಿ. ಎದುರಿಗೆ ಸಿಕ್ಕವರಿಗೆಲ್ಲ ಕೈಮುಗಿಯುತ್ತಿದ್ದ. ಒಂದು ಸಂಜೆ ಬಟ್ಟೆ ಒಗೆಯುವ ಕಲ್ಲಿಗೂ ಕೈಮುಗಿದು, "ಶರಣು, ಊಟ ಆಯ್ತಾ?" ಎಂದು ಕೇಳಿದ. ನಮ್ಮ ಅತ್ತೆ ಜಗಲಿಯಿಂದ, "ಕಲ್ಲಿಂದು ಊಟ ಆಗಿದ್ಯಂತೆ, ನೀವು ಒಳಗ್ ಹೋಗಿ ದೊರೆಗಳೇ" ಎಂದರು. ವಠಾರವೆಲ್ಲ ನಕ್ಕಿತು. ನನ್ನ ತಂಗಿ ಎದ್ದು ಬಂದು ಅವನ ಕೈ ಹಿಡಿದುಕೊಂಡು ಹೋದಳು. ಹೋಗುವಾಗ ನನ್ನ ಬಾಗಿಲ ಕಡೆ ನೋಡಿದಳು. ನಾನು ಕತ್ತಲಲ್ಲಿ ಸರಿದು ನಿಂತೆ.

ನಮ್ಮ ಯಜಮಾನರು ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಅವನು ಮಲಗಿರುತ್ತಿದ್ದ. ಇಬ್ಬರೂ ಸಿಗುತ್ತಿದ್ದುದು ಬೆಳಿಗ್ಗೆ ನಲ್ಲಿಯ ಹತ್ತಿರ. ನಮ್ಮವರು ವಯಸ್ಸಿನಲ್ಲಿ ದೊಡ್ಡವರು, ಅವನು ಅವರನ್ನು ಅಣ್ಣ ಎನ್ನುತ್ತಿದ್ದ. ಹಲ್ಲುಜ್ಜುತ್ತಾ, ಒಬ್ಬರ ಬಿಂದಿಗೆಗೆ ಒಬ್ಬರು ನೀರು ಹಿಡಿಯುತ್ತಾ ಬೆಳಗಿನ ಮಾತೆಲ್ಲ ಅಲ್ಲೇ ಮುಗಿಸುತ್ತಿದ್ದರು. ನಮ್ಮವರು ಹೆಚ್ಚು ಮಾತಿನವರಲ್ಲ. ಅವನ ಜೊತೆ ಆಡುತ್ತಿದ್ದಷ್ಟು ಮಾತನ್ನು ನನ್ನ ಜೊತೆಯೂ ಆಡಿದ್ದು ನೆನಪಿಲ್ಲ.

ಅದನ್ನು ನೋಡಿಯೇ ನನ್ನ ತಂಗಿಗೆ ಆಸೆ ಹುಟ್ಟಿದ್ದು. ಒಂದು ಮಧ್ಯಾಹ್ನ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದಳು.

"ಅಕ್ಕ, ನನ್ನ ಮಾತು ಕೇಳಲ್ಲ ಅವರು. ಅತ್ತರೆ ಜೊತೇಲಿ ಅವರೂ ಅಳ್ತಾರೆ, ಅಷ್ಟೆ. ಭಾವ ಅಂದ್ರೆ ಅವರಿಗೆ ಭಯಭಕ್ತಿ. ಭಾವನ ಕೈಲಿ ಒಂದು ಮಾತು ಹೇಳ್ಸಕ್ಕ. ಬೈಯೋದು ಬೇಡ. ಸುಮ್ನೆ, 'ಯಾಕಪ್ಪಾ ಹಿಂಗೆ' ಅಂತ ಕೇಳಿದ್ರೆ ಸಾಕು."

"ಹೇಳ್ತೀನಿ ಬಿಡು" ಎಂದೆ.

ಆ ರಾತ್ರಿ ಬಡಿಸುವಾಗ ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ಅಲ್ಲೇ ಕೂತಿದ್ದರು. ಹುಡುಗ ಚಿನ್ನ ಎಂದ ನಾನೇ ಅವನು ಕುಡುಕ ಎಂದು ನನ್ನ ಬಾಯಿಂದ ಒಪ್ಪಿಕೊಳ್ಳಬೇಕಿತ್ತು. ನಾನೇ ಮುಂದೆ ನಿಂತು ಮಾಡಿಸಿದ ಸಂಬಂಧ. ಸಾರು ಬಡಿಸಿ ಸುಮ್ಮನಾದೆ. ಮರುದಿನವೂ ಅಷ್ಟೆ. ಎದುರುಮನೆಯ ಬಾಗಿಲು ಮುಚ್ಚಿರುವುದನ್ನು ನೋಡುವಾಗಲೆಲ್ಲ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳು ದಿನವೂ ಕಣ್ಣಲ್ಲೇ ಕೇಳುತ್ತಿದ್ದಳು. ಆ ಕಣ್ಣನ್ನು ತಪ್ಪಿಸಿಕೊಳ್ಳಲಾಗದೆ ಒಂದು ದಿನ, "ಹೇಳಿದೀನಿ ಕಣೇ, ಅವರೂ ಮಾತಾಡಿದಾರೆ. ಈ ವಿಷಯ ನೀನು ಭಾವನ ಹತ್ರ ಎತ್ತಕ್ಕೆ ಹೋಗ್ಬೇಡ, ಗಂಡಸರದು" ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಸೂಜಿ ಹಿಡಿದು ಹಿಡಿದು ಅವಳ ಬೆರಳ ತುದಿ ಗಟ್ಟಿಯಾಗಿತ್ತು.

ಅದಾದ ಕೆಲವೇ ದಿನಕ್ಕೆ ಶ್ರಾವಣ ಬಂತು. ಒಂದು ಬೆಳಿಗ್ಗೆ ಅವಳ ಬಾಗಿಲು ತೆರೆದಿತ್ತು. ಮರುದಿನವೂ ತೆರೆದಿತ್ತು. ಗೂಡಿನಲ್ಲಿ ದೀಪ ಮಾತ್ರ. ಕರಡಿಗೆ ಅವನ ಕೊರಳಲ್ಲಿ. ತಿಂಗಳು ಪೂರ್ತಿ ಹಾಗೇ ನಡೆಯಿತು. ಹೊಲಿಗೆ ಅಂಗಡಿಯ ಕೆಲಸಗಾರರೆಲ್ಲ ಸೇರಿ ಆ ವರ್ಷ ಶ್ರಾವಣದ ವ್ರತ ಹಿಡಿದು ಕುಡಿತ ಬಿಟ್ಟಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ನನ್ನ ತಂಗಿ ಮಾತ್ರ ಅದು ಭಾವನ ಮಾತಿನ ಗುಣ ಎಂದೇ ನಂಬಿದಳು. ಸೋಮವಾರ ಕಾಡು ಮಲ್ಲೇಶ್ವರನ ಗುಡಿಗೆ ಹೋಗಿ ಬಂದು, ಒಬ್ಬಟ್ಟು ಮಾಡಿ, ತಟ್ಟೆಯ ಮೇಲೆ ಬಾಳೆಲೆ ಮುಚ್ಚಿ ತಂದಳು.

"ಇದು ಭಾವಂಗೆ. ನೀನು ಮುಟ್ಬೇಡ, ನಿಂಗೆ ಬೇರೆ ಕೊಡ್ತೀನಿ" ಎಂದು ನಕ್ಕಳು. ಆ ನಗು ಮೊದಲಿನದೇ.

ನಮ್ಮವರು ತುಪ್ಪ ಹಾಕಿಕೊಂಡು ತಿಂದರು. "ನಿನ್ನ ತಂಗಿ ಕೈಲಿ ಏನೋ ಇದೆ ಕಣೇ. ಇವತ್ತೇನು ವಿಶೇಷ?"

"ಶ್ರಾವಣ ಸೋಮವಾರ ಅಲ್ವಾ" ಎಂದೆ.

ಆಗಲೂ ಹೇಳಬಹುದಿತ್ತು. ಅವಳ ಸಂತೋಷವನ್ನು ಯಾಕೆ ಕೆಡಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಶ್ರಾವಣ ಮುಗಿಯಿತು. ಬಾಗಿಲು ಮತ್ತೆ ಮುಚ್ಚಿತು. ಅವಳು ಬಂದು, "ಇನ್ನೊಂದ್ಸಲ ಭಾವಂಗೆ ಹೇಳಕ್ಕ" ಎಂದಳು. "ಪದೇ ಪದೇ ಹೇಳಿದ್ರೆ ಮಾತಿಗೆ ಬೆಲೆ ಇರಲ್ಲ ಕಣೇ" ಎಂದು ಕಳಿಸಿದೆ. ಒಂದು ಸಂಜೆ ಅವರ ಮನೆಯೊಳಗಿಂದ ಅವಳ ದನಿ ಕೇಳಿಸಿತು. ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಭಾವಂಗೂ ಬೆಲೆ ಇಲ್ವಾ ನಿಮ್ಮ ಹತ್ರ? ನನ್ನ ಮುಖ ಬೇಡ, ಅವರ ಮುಖ ನೋಡಿನಾದ್ರೂ ಬಿಡಬಾರ್ದಾ? ನಾನು ಅವರ ಮುಂದೆ ಹೆಂಗೆ ತಲೆ ಎತ್ಲಿ?"

ಆಮೇಲೆ ಅವನು ಅಳುವುದಷ್ಟೇ ಕೇಳಿಸಿತು. ನಾನು ಅಡುಗೆಮನೆಯಲ್ಲಿ ಇಕ್ಕಳ ಹಿಡಿದು ನಿಂತಿದ್ದೆ. ಅಂಗಳ ದಾಟಿದರೆ ಅವರ ಮನೆ. ದಾಟಿ ಹೋಗಿ, ಭಾವನಿಗೆ ಏನೂ ಗೊತ್ತಿಲ್ಲ, ತಪ್ಪು ನನ್ನದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಇಕ್ಕಳದಲ್ಲಿ ಪಾತ್ರೆ ಹಿಡಿದು ಇಳಿಸಿದೆ.

ಮರುದಿನದಿಂದ ಅವನು ನಮ್ಮವರು ಏಳುವ ಮೊದಲೇ ನಲ್ಲಿಗೆ ಬಂದು ಹೋಗತೊಡಗಿದ.

"ಏನೇ, ಷಡ್ಡಕ ಮುಖ ತಪ್ಪಿಸ್ತಿದಾನೆ? ನಾನೇನಾದ್ರೂ ಅಂದ್ನಾ ಅವನಿಗೆ?" ಎಂದು ನಮ್ಮವರು ಕೇಳಿದರು. ಒಬ್ಬರೇ ನಿಂತು ನೀರು ಹಿಡಿದು ಬಂದಿದ್ದರು.

"ಅಂಗಡೀಲಿ ಕೆಲಸ ಜಾಸ್ತಿಯಂತೆ."

ವರ್ಷ ತುಂಬುವ ಮೊದಲೇ ಅವರು ಮನೆ ಖಾಲಿ ಮಾಡಿ ವೈಯಾಲಿಕಾವಲ್ ಕಡೆ ಒಂದು ಕೋಣೆಗೆ ಹೋದರು. ಎತ್ತಿನಗಾಡಿಗೆ ಸಾಮಾನು ಏರಿಸುತ್ತಿದ್ದಾಗ ನನ್ನ ತಂಗಿ ನನ್ನ ಕಿವಿಯ ಹತ್ತಿರ, "ಅವರಿಗೆ ಭಾವನ ಎದುರಿಗೆ ಓಡಾಡಕ್ಕೆ ಆಗಲ್ವಂತೆ ಅಕ್ಕ. ಭಾವ ಬೇಜಾರು ಮಾಡ್ಕೋಬಾರ್ದು ಅಂತ ಹೇಳು" ಎಂದಳು. ಅದನ್ನೂ ನಾನು ಹೇಳಲಿಲ್ಲ.

ಎದುರು ಮನೆಗೆ ಬೇರೆ ಸಂಸಾರ ಬಂತು. ತುಂಬಾ ಮಕ್ಕಳು. ಅವರ ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು. ಗೂಡಿನಲ್ಲಿ ಎಣ್ಣೆ ಬಾಟಲಿ, ಬಾಚಣಿಗೆ ಇಡುತ್ತಿದ್ದರು. ಬೆಳಿಗ್ಗೆ ಎದ್ದು ಆ ಕಡೆ ನೋಡುವ ಅಭ್ಯಾಸ ಮಾತ್ರ ನನಗೆ ಹೋಗಲಿಲ್ಲ. ಮಧ್ಯಾಹ್ನ ಮೊರ ಹಿಡಿದು ಜಗಲಿಯ ಮೇಲೆ ಒಬ್ಬಳೇ ಕೂರುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಕಡಿಮೆಯಾಗಿತ್ತು. ಆದರೂ ಹೊತ್ತು ಹೋಗಲಿ ಎಂದು ಆರಿಸಿದ್ದನ್ನೇ ಆರಿಸುತ್ತಿದ್ದೆ. ವಠಾರದ ತುಂಬ ಜನ. ಯಾರ ಹತ್ತಿರ ಮಾತಾಡಿದರೂ ಆ ವಿಷಯಕ್ಕೆ ಬರುತ್ತದೆ ಎಂದು ನಾನೇ ಮಾತು ಕಡಿಮೆ ಮಾಡಿದೆ. ಸುಳ್ಳು ಹೇಳಿದವರಿಗೆ ಜೊತೆಗೆ ಕೂರುವವರು ಇರುವುದಿಲ್ಲ. ಪಕ್ಕದಲ್ಲಿ ಯಾರಿದ್ದರೂ ಒಬ್ಬರೇ ಇದ್ದ ಹಾಗೆ.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ನಾನು ಅವಳ ಮನೆಗೆ ಹೋಗುತ್ತಿದ್ದೆ. ಅಲ್ಲಿ ಗೂಡಿರಲಿಲ್ಲ. ಕರಡಿಗೆಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿರುತ್ತಿದ್ದ. ವರ್ಷ ಕಳೆದ ಹಾಗೆ ಅದು ಮೊಳೆಯಿಂದ ಇಳಿದದ್ದೇ ಕಡಿಮೆಯಾಯಿತು. ಬೆಳ್ಳಿ ಕಪ್ಪಾಗಿತ್ತು. ನಾನು ಹೊರಟಾಗಲೆಲ್ಲ ಅವಳು ಒಂದು ಡಬ್ಬಿಯಲ್ಲಿ ಒಬ್ಬಟ್ಟು ಹಾಕಿ, "ಭಾವಂಗೆ ಕೊಡು. ಅವರೊಬ್ರೇ ನನ್ನ ಪರವಾಗಿ ಬಾಯಿ ಬಿಟ್ಟೋರು" ಎನ್ನುತ್ತಿದ್ದಳು. ಆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದು ಬರುವಾಗ ದಾರಿ ಸವೆಯುತ್ತಲೇ ಇರಲಿಲ್ಲ. ನಮ್ಮ ಅತ್ತೆಯೂ ತೀರಿಕೊಂಡಿದ್ದರು. ಹೇಳಲು ಅಡ್ಡಿಯಾಗುವವರು ಯಾರೂ ಉಳಿದಿರಲಿಲ್ಲ. ಆದರೂ ಹೇಳಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಹೆದರಿಕೊಂಡೇ ಇನ್ನಷ್ಟು ವರ್ಷ ಸುಮ್ಮನಿದ್ದೆ.

ಅವನ ಕೈ ನಡುಗತೊಡಗಿತು. ಒಂದು ಮದುವೆಯ ಕೋಟಿನ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದ. ಅಂಗಡಿಯ ಯಜಮಾನ ಅವನ ಕೈಯಿಂದ ಕತ್ತರಿ ತೆಗೆದುಕೊಂಡು ಗುಂಡಿ ಹೊಲಿಯಲು ಕೂರಿಸಿದ. ಆಮೇಲೆ ಅದೂ ಆಗದೆ ಮನೆಗೆ ಕಳಿಸಿದ. ಅವಳ ಕಾಜಾದಲ್ಲೇ ಮನೆ ನಡೆಯತೊಡಗಿತು.

ಮತ್ತೊಂದು ಶ್ರಾವಣ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ನಮ್ಮ ಯಜಮಾನರು ಊಟಕ್ಕೆ ಬಂದವರು ಎಲೆಯ ಮುಂದೆ ಕೂರದೆ ನಿಂತೇ ಇದ್ದರು.

"ನಾನು ಯಾವಾಗ ಹೇಳಿದ್ದೆ?" ಎಂದರು.

"ಏನನ್ನ?"

"ನಿನ್ನ ತಂಗಿ ಅಂಗಡಿಗೆ ಬಂದಿದ್ಲು. 'ಭಾವ, ಅವತ್ತು ನೀವು ಹೇಳಿದ್ದಕ್ಕೆ ಒಂದು ತಿಂಗಳು ಕೇಳಿದ್ರು. ಇನ್ನೊಂದ್ಸಲ ಹೇಳಿ' ಅಂದ್ಲು. ಗಿರಾಕಿಗಳ ಮುಂದೆ ಕೈಮುಗಿದ್ಲು ಕಣೇ. ಆಯ್ತಮ್ಮ ಹೇಳ್ತೀನಿ, ಹೋಗು ಅಂದೆ. ಈಗ ನೀನು ಹೇಳು. ನಾನು ಯಾವಾಗ ಹೇಳಿದ್ದೆ?"

ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ನಲ್ಲಿ ಹತ್ರ ದಿನಾ ಅವನ ಬರೀ ಕೊರಳು ನೋಡ್ತಿರ್ಲಿಲ್ವಾ ನಾನು? ಷಡ್ಡಕನ ಮನೆ ವಿಷಯ. ನಾನಾಗೇ ಬಾಯಿ ಹಾಕಿದ್ರೆ ನಿಮ್ಮ ಕಡೆಯವರನ್ನ ಹೀನಾಯ ಮಾಡ್ದ ಹಾಗೆ. ನೀನೋ ಅವಳೋ ಒಂದು ಮಾತು ಕೇಳ್ತೀರ ಅಂತ ಕಾಯ್ತಿದ್ದೆ. ನೀವು ಕೇಳ್ಲೇ ಇಲ್ಲ."

"ಅವಳು ಕೇಳಿದ್ಲು" ಎಂದೆ.

"ಹೂಂ. ಕೇಳಿದ್ಲು" ಎಂದು ಅವರು ಕೈ ತೊಳೆಯಲು ಹೋದರು. ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ನಮ್ಮ ಅಂಗಡಿಗೆ ರಜವಿದ್ದ ದಿನ ಅವರು ವೈಯಾಲಿಕಾವಲ್‌ಗೆ ನಡೆದುಕೊಂಡೇ ಹೋದರು. ತಂಗಿ ಹೊಲಿಗೆ ಅಂಗಡಿಗೆ ಬಟ್ಟೆ ಕೊಡಲು ಹೋಗಿದ್ದಳಂತೆ. ಗಂಡಸರಿಬ್ಬರೇ ಇದ್ದರು. ಬಿಸಿಲು ಇಳಿಯುವ ಹೊತ್ತಿಗೆ ನಮ್ಮವರು ವಾಪಸು ಬಂದು, ಜಗಲಿಯ ಮೇಲೆ, ಅವಳು ಕೂರುತ್ತಿದ್ದ ಜಾಗದಲ್ಲೇ ಕೂತರು.

"ಏನಂದ?" ಎಂದು ಕೇಳಿದೆ.

"ಅತ್ತ. 'ಅಣ್ಣ, ನಿಮಗೆ ಗೊತ್ತಾಗಿಹೋಗಿದೆ ಅಂತ ತಾನೇ ನಾನು ಆ ಮನೆ ಬಿಟ್ಟಿದ್ದು' ಅಂದ. 'ಗೊತ್ತಿದ್ದೂ ನೀವು ಒಂದ್ಸಲನೂ ಯಾಕಪ್ಪಾ ಅಂತ ಕೇಳ್ಲಿಲ್ಲ. ಅಣ್ಣನೂ ಕೈಬಿಟ್ಟ, ಇನ್ನು ನಾನು ಯಾರಿಗೂ ಬೇಡ ಅಂದ್ಕೊಂಡೆ' ಅಂದ." ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಮೊಳೆಯಿಂದ ಕರಡಿಗೆ ತೆಗೆದು ಕಟ್ಕೊಳಕ್ಕೆ ಹೋದ. ಕೈ ನಡುಗಿ ಗಂಟು ಹಾಕಕ್ಕೆ ಆಗ್ಲಿಲ್ಲ. ನಾನೇ ಕಟ್ಟಿ ಬಂದೆ."

"ನನ್ನ ವಿಷಯ..."

"ಹೇಳ್ಲಿಲ್ಲ. ಅದು ನೀನು ಹೇಳ್ಬೇಕಾದ್ದು."

ಮರುದಿನ ಬೆಳಿಗ್ಗೆ ಒಲೆ ಆರಿಸಿ ಹೊರಟೆ. ಕೈಯಲ್ಲಿ ಏನನ್ನೂ ತೆಗೆದುಕೊಳ್ಳಲಿಲ್ಲ. ತವರಿನವಳು ಬರಿಗೈಯಲ್ಲಿ ಹೋಗಬಾರದು ಎಂದು ನೆನಪಾದದ್ದು ಅರ್ಧ ದಾರಿ ನಡೆದ ಮೇಲೆ. ಹಿಂದಕ್ಕೆ ತಿರುಗಿದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುಂದಕ್ಕೇ ನಡೆದೆ.

ಅವಳು ಹೊಸಲಿನ ಮೇಲೆ ಕಾಜಾ ಹಾಕುತ್ತಾ ಕೂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ಬಾಗಿಲು ತೆರೆದಿತ್ತು. ಮೊಳೆ ಖಾಲಿ. ಒಳಗೆ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಉಸಿರಿನ ಸದ್ದು ಹೊರಗೆ ಕೇಳುತ್ತಿತ್ತು. ಕಾಲಿನ ಬಾವು ಹೊದಿಕೆಯ ಹೊರಗೆ ಕಾಣುತ್ತಿತ್ತು.

ನನ್ನನ್ನು ನೋಡಿ ಅವಳ ಮುಖ ಅರಳಿತು. "ನೋಡಕ್ಕ, ಮೊಳೆ ನೋಡು" ಎಂದಳು. "ಭಾವ ನಿನ್ನೆ ಬಂದು ಮಾತಾಡಿ ಹೋದ್ರಂತೆ. ನಿನ್ನೆಯಿಂದ ತೆಗ್ದಿಲ್ಲ. ಭಾವ ಹೇಳಿದ್ರೆ ಕೇಳ್ತಾರೆ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ? ಆವಾಗಲೇ ಎರಡು ಮೂರು ಸಲ ಹೇಳಿದ್ರೆ ಕೈ ಉಳೀತಿತ್ತೇನೋ. ಹೋಗ್ಲಿ ಬಿಡು. ಭಾವ ತಾನೇ ಎಷ್ಟು ಅಂತ ಹೇಳ್ತಾರೆ. ಕೂತ್ಕೋ, ಕಾಫಿ ಇಡ್ತೀನಿ."

ಅವಳು ಏಳಲು ಹೋದಳು. ನಾನು ಅವಳ ಮಡಿಲಲ್ಲಿದ್ದ ಬಟ್ಟೆಯ ಮೇಲೆ ಕೈಯಿಟ್ಟು ಅವಳನ್ನು ಕೂರಿಸಿದೆ. ಸೂಜಿ ನನ್ನ ಅಂಗೈಗೆ ಚುಚ್ಚಿತು. ಕೈ ತೆಗೆಯಲಿಲ್ಲ.

"ಅವತ್ತು ಭಾವ ಏನೂ ಹೇಳಿರ್ಲಿಲ್ಲ ಕಣೇ. ಭಾವಂಗೆ ನಾನು ಹೇಳೇ ಇರ್ಲಿಲ್ಲ. ಹೇಳಿದೀನಿ ಅಂತ ನಿಂಗೆ ಸುಳ್ಳು ಹೇಳ್ದೆ. ನಾನು ಮಾಡ್ಸಿದ ಸಂಬಂಧ ಅಂತ, ನನ್ನ ಮುಖ ಉಳಿಸ್ಕೊಳಕ್ಕೆ ಸುಳ್ಳು ಹೇಳ್ದೆ. ನೀನು ಕೇಳಿದ್ದು ಒಂದೇ ಮಾತು, ಅದನ್ನೂ ಆಡ್ಲಿಲ್ಲ ನಾನು. ನಿನ್ನ ಒಬ್ಬಳನ್ನೇ ಬಿಟ್ಬಿಟ್ಟೆ. ತಪ್ಪಾಯ್ತು ತಾಯಿ. ನನ್ನದು ತಪ್ಪಾಯ್ತು."